ದುಬೈ ಫ್ಲ್ಯಾಟ್ ಕೊಳ್ಳುವ ಮುನ್ನ ಬೆಂಗಳೂರಿನ ಲೆಕ್ಕ ಮುಗಿಸಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ, ಪತ್ನಿ ಗೃಹಿಣಿ. ಹೋಟೆಲೊಂದರಲ್ಲಿ ನಡೆದ ದುಬೈ ಆಸ್ತಿ ಮೇಳಕ್ಕೆ ಹೋಗಿದ್ದೆವು. 9 ಲಕ್ಷ ದಿರ್ಹಮ್‌ಗೆ ಒಂದು ಬೆಡ್‌ರೂಮ್ ಫ್ಲ್ಯಾಟ್, ವರ್ಷಕ್ಕೆ ಶೇ 6.5 ಬಾಡಿಗೆ, ಅದಕ್ಕೆ ತೆರಿಗೆಯೇ ಇಲ್ಲ ಎಂದರು. ಬುಕಿಂಗ್ ಹಣವನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟು, ಉಳಿದದ್ದನ್ನು ಕೀ ಸಿಕ್ಕ ಮೇಲೂ ಮೂರು ವರ್ಷ ಕಂತಿನಲ್ಲಿ ಕಟ್ಟಬಹುದಂತೆ. ಅದೇ ಬೆಲೆಗೆ ಕಟ್ಟಿ ಮುಗಿದ ಫ್ಲ್ಯಾಟ್ ಕೂಡ ಇದೆಯಂತೆ. ಹೂಡಿಕೆ ಎಂದು ಕೊಳ್ಳಬಹುದೇ? ಹಣ ಕಳಿಸುವ ಸರಿಯಾದ ದಾರಿ ಯಾವುದು?

ಉತ್ತರ: ಕೊಳ್ಳಬಹುದು, ಕಾನೂನಿನ ಅಡ್ಡಿಯಿಲ್ಲ. ಆದರೆ ಕಾರ್ಡ್ ಮತ್ತು ಕೀ ಸಿಕ್ಕ ಮೇಲಿನ ಕಂತು, ಇವೆರಡನ್ನೂ ಈಗಲೇ ಬಿಟ್ಟುಬಿಡಿ. ‘ತೆರಿಗೆ ಇಲ್ಲ’ ಎಂಬ ಮಾತು ದುಬೈಯಲ್ಲಿ ವಾಸಿಸುವವರಿಗೆ ನಿಜ, ಬೆಂಗಳೂರಿನಲ್ಲಿ ವಾಸಿಸುವ ನಿಮಗೆ ಅಲ್ಲ. ದುಬೈ ಕಡೆಯ ಕೆಲಸ ಬಹುಮಟ್ಟಿಗೆ ಅಚ್ಚುಕಟ್ಟು, ಒಂದೇ ದಿನದಲ್ಲಿ ಹಕ್ಕುಪತ್ರ ಕೈಗೆ ಬರುತ್ತದೆ. ಹೂಡಿಕೆದಾರರು ಎಡವುವುದು ಹೆಚ್ಚಾಗಿ ಇಲ್ಲಿ, ನಮ್ಮ ಬ್ಯಾಂಕ್ ಮತ್ತು ಆದಾಯ ತೆರಿಗೆಯ ಕಡೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಹಣ ಹೊರಡುವ ದಾರಿ

ಭಾರತದಲ್ಲಿ ವಾಸಿಸುವ ವ್ಯಕ್ತಿ ವಿದೇಶದಲ್ಲಿ ಆಸ್ತಿ ಕೊಳ್ಳಲು ಬಳಸುವ ಮುಖ್ಯ ದಾರಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್, ಅಂದರೆ ಇಲ್ಲಿನ ನಿವಾಸಿಗಳು ವಿದೇಶಕ್ಕೆ ಹಣ ಕಳಿಸಲು ಅವಕಾಶ ಕೊಡುವ ಯೋಜನೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ಹಣಕಾಸು ವರ್ಷದಲ್ಲಿ ತಲಾ 2,50,000 ಡಾಲರ್ ಮಿತಿ. ಆಸ್ತಿಗಷ್ಟೇ ಇರುವ ಮಿತಿ ಇದಲ್ಲ. ಅದೇ ವರ್ಷ ನೀವು ಅಮೆರಿಕದ ಷೇರು ಕೊಂಡಿದ್ದರೆ, ವಿದೇಶ ಪ್ರವಾಸಕ್ಕೆ ಡಾಲರ್ ತೆಗೆದುಕೊಂಡಿದ್ದರೆ, ಅವೆಲ್ಲ ಇದರೊಳಗೇ ಸೇರುತ್ತವೆ.

ನಿಮ್ಮ ಫ್ಲ್ಯಾಟನ್ನೇ ನೋಡೋಣ. ಒಂದು ಡಾಲರ್‌ಗೆ 3.6725 ದಿರ್ಹಮ್ ಎಂದು 1997ರಿಂದ ಕಟ್ಟಿಹಾಕಿರುವುದರಿಂದ, ಒಬ್ಬರ ವಾರ್ಷಿಕ ಮಿತಿ 9,18,125 ದಿರ್ಹಮ್. 9 ಲಕ್ಷದ ಫ್ಲ್ಯಾಟ್ ಅದರೊಳಗೆ ಬರುತ್ತದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಈಗ ಖರ್ಚು ಕೂಡಿಸಿ. ದುಬೈ ಭೂ ಇಲಾಖೆಯ ವರ್ಗಾವಣೆ ಶುಲ್ಕ ಶೇ 4, ಅಂದರೆ 36,000. ಇದನ್ನು ಮಾರುವವರೂ ಕೊಳ್ಳುವವರೂ ಅರ್ಧರ್ಧ ಹಂಚಿಕೊಳ್ಳಬೇಕೆಂದಿದ್ದರೂ ರೂಢಿಯಲ್ಲಿ ಪೂರ್ತಿ ಕೊಡುವವರು ಕೊಳ್ಳುವವರೇ. ಏಜೆಂಟ್ ಕಮಿಷನ್ ಶೇ 2, ಅದರ ಮೇಲೆ ಶೇ 5 ವ್ಯಾಟ್, 18,900. ಭೂ ಇಲಾಖೆಯ ಪರವಾಗಿ ನೋಂದಣಿ ಮಾಡುವ ಟ್ರಸ್ಟಿ ಕಚೇರಿಗೆ ವ್ಯಾಟ್ ಸೇರಿ 4,200. ಹಕ್ಕುಪತ್ರದ ಖರ್ಚು ಸುಮಾರು 580. ಒಟ್ಟು 9,59,680 ದಿರ್ಹಮ್, ಅಂದರೆ 2,61,315 ಡಾಲರ್. ಒಬ್ಬರ ಮಿತಿಗಿಂತ 11 ಸಾವಿರ ಡಾಲರ್ ಹೆಚ್ಚು. ಕರಾರಿಗೆ ಸಹಿ ಹಾಕಿ ಶೇ 10 ಮುಂಗಡ ಕೊಟ್ಟ ಮೇಲೆ ಬ್ಯಾಂಕ್ ಕೊನೆಯ ಕಂತನ್ನು ತಡೆದರೆ, ಗಡುವು ಮೀರಿದ್ದಕ್ಕೆ ಆ ಮುಂಗಡವೇ ಹೋಗಬಹುದು.

ಬಿಡಿಸಿಕೊಳ್ಳಲು ಎರಡು ದಾರಿ. ಒಂದು, ಮಾರ್ಚ್ ಕೊನೆಗೆ ಒಂದು ಭಾಗ, ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು ಭಾಗ ಕಳಿಸುವುದು. ಇನ್ನೊಂದು, ದಂಪತಿ ಇಬ್ಬರೂ ತಮ್ಮ ತಮ್ಮ ಮಿತಿಯಲ್ಲಿ ಕಳಿಸುವುದು. ಎರಡನೆಯದಾದರೆ ಹಣ ಕಳಿಸಿದವರೆಲ್ಲರ ಹೆಸರೂ ಹಕ್ಕುಪತ್ರದಲ್ಲಿ ಇರಬೇಕು. ಅಪ್ಪನ ಮಿತಿ, ಭಾವನ ಮಿತಿ ಬಳಸಿಕೊಂಡು ಆಸ್ತಿಯನ್ನು ಒಬ್ಬರ ಹೆಸರಿಗೇ ಮಾಡಿಸುವುದು ನಿಯಮಕ್ಕೆ ವಿರುದ್ಧ.

ಬ್ಯಾಂಕಿಗೆ ಹೋಗುವಾಗ ಫಾರಂ ಎ2, ಪ್ಯಾನ್, ಮಾರಾಟ ಕರಾರಿನ ಪ್ರತಿ ಮತ್ತು ಹಣದ ಮೂಲದ ದಾಖಲೆ ಇಟ್ಟುಕೊಳ್ಳಿ. ಆ ಬ್ಯಾಂಕಿನಲ್ಲಿ ನಿಮ್ಮ ಖಾತೆಗೆ ಒಂದು ವರ್ಷ ಆಗಿರಬೇಕು. ಆಗಿಲ್ಲದಿದ್ದರೆ ಹಿಂದಿನ ಬ್ಯಾಂಕಿನ ಒಂದು ವರ್ಷದ ಸ್ಟೇಟ್‌ಮೆಂಟ್ ಕೇಳುತ್ತಾರೆ. ಎ2 ಫಾರಂನಲ್ಲಿ ಉದ್ದೇಶದ ಕೋಡ್ ಎಂಬ ಅಂಕಣವಿದೆ. ವಿದೇಶಿ ಸ್ಥಿರಾಸ್ತಿ ಹೂಡಿಕೆಗೆ ಎಸ್‌0005 ಎಂದೇ ಬರೆಯಬೇಕು. ಕೆಲಸ ಬೇಗ ಆಗಲಿ ಎಂದು ‘ಸಂಬಂಧಿಕರ ಜೀವನ ನಿರ್ವಹಣೆ’ ಅಥವಾ ‘ಉಡುಗೊರೆ’ ಎಂದು ಬರೆಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಮುಂದೆ ಫ್ಲ್ಯಾಟ್ ಮಾರಿ ಹಣ ವಾಪಸ್ ತರುವ ದಿನ, ಆ ಆಸ್ತಿಗೆ ಹಣ ಹೇಗೆ ಹೋಯಿತು ಎಂಬುದಕ್ಕೆ ನಿಮ್ಮ ಹತ್ತಿರ ಇರುವ ದೊಡ್ಡ ಸಾಕ್ಷಿ ಈ ಕಾಗದವೇ. ಬ್ಯಾಂಕ್ ಕೊಡುವ ರವಾನೆಯ ಸ್ವಿಫ್ಟ್ ಪ್ರತಿಯ ಜೊತೆ ಅದನ್ನು ಶಾಶ್ವತವಾಗಿ ಜೋಪಾನ ಮಾಡಿ.

ಕಾರ್ಡ್ ಏಕೆ ಬೇಡ? ಅಂತಾರಾಷ್ಟ್ರೀಯ ಕ್ರೆಡಿಟ್ ಕಾರ್ಡ್ ಇರುವುದು ಹೋಟೆಲ್, ಟಿಕೆಟ್, ಚಂದಾ ಮುಂತಾದ ಚಾಲ್ತಿ ಖರ್ಚಿಗೆ. ಆಸ್ತಿ ಖರೀದಿ ಬಂಡವಾಳ ವ್ಯವಹಾರ. ಮೇಲಾಗಿ ಕಾರ್ಡ್ ಹಣ ಎಂದರೆ ಬ್ಯಾಂಕಿನ ಸಾಲ. ಎಲ್‌ಆರ್‌ಎಸ್‌ನಲ್ಲಿ ಬಂಡವಾಳ ವ್ಯವಹಾರಕ್ಕೆ ಬ್ಯಾಂಕ್ ಸಾಲ ಕೊಡುವಂತಿಲ್ಲ. ಹಾಗಾಗಿ ಪರ್ಸನಲ್ ಲೋನ್ ತೆಗೆದು ಕಳಿಸುವ ಆಲೋಚನೆಯೂ ಬೇಡ. ದುಬೈ ಬ್ಯಾಂಕ್ ಅನಿವಾಸಿಗಳಿಗೂ ಗೃಹಸಾಲ ಕೊಡುತ್ತದೆ ಎಂದು ಏಜೆಂಟ್ ಹೇಳುವುದು ಸುಳ್ಳಲ್ಲ. ಆದರೆ ಭಾರತದ ನಿವಾಸಿ ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಅದನ್ನು ತೆಗೆದುಕೊಳ್ಳುವಂತಿಲ್ಲ. ಕೀ ಸಿಕ್ಕ ಮೇಲೆ ವರ್ಷಗಟ್ಟಲೆ ಕಟ್ಟುವ ಕಂತೂ ಇದೇ ಜಾತಿಯದು: ಆಸ್ತಿ ನಿಮ್ಮ ಕೈಯಲ್ಲಿ, ಹಣ ಬಾಕಿ. ಅದು ವಿದೇಶಿ ಸಾಲದ ಸ್ವರೂಪದ್ದೆಂದು ಪ್ರಶ್ನೆ ಏಳುತ್ತದೆ. ಕಟ್ಟಡದ ಹಂತಕ್ಕೆ ತಕ್ಕಂತೆ ಕೊಡುವ ಕಂತಿಗೆ ಆ ತೊಂದರೆ ಕಡಿಮೆ. ಆದರೂ ಕೀ ಕೊಡುವ ದಿನ ಒಟ್ಟಿಗೆ ಶೇ 40 ಅಥವಾ 60 ಕೇಳುವ ಯೋಜನೆಯಾದರೆ, ಆ ಮೊತ್ತ ಆ ವರ್ಷದ ಮಿತಿಯೊಳಗೆ ಹಿಡಿಸುತ್ತದೆಯೇ ಎಂದು ಇಂದೇ ಲೆಕ್ಕ ಹಾಕಿ.

ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದ ಉಲ್ಲಂಘನೆ ಸಾಬೀತಾದರೆ ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ವಿದೇಶದ ಆಸ್ತಿಯನ್ನು ಮುಟ್ಟಲಾಗದಿದ್ದರೂ ಅಷ್ಟೇ ಬೆಲೆಯ ಭಾರತದ ಆಸ್ತಿಯನ್ನು ಜಾರಿ ನಿರ್ದೇಶನಾಲಯ ವಶಪಡಿಸಿಕೊಳ್ಳಬಹುದು. ದುಬೈ ಫ್ಲ್ಯಾಟಿನ ತಪ್ಪಿಗೆ ಬೆಂಗಳೂರಿನ ಮನೆ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಇದೆ ಎಂಬುದನ್ನು ಮೇಳದಲ್ಲಿ ಯಾರೂ ಹೇಳುವುದಿಲ್ಲ.

ಟಿಸಿಎಸ್: ಕೈಯಲ್ಲಿ ಇರಬೇಕಾದ ಹೆಚ್ಚಿನ ಹಣ

ಈಗಿನ ನಿಯಮದಂತೆ ವರ್ಷಕ್ಕೆ ತಲಾ 10 ಲಕ್ಷ ರೂಪಾಯಿ ದಾಟಿದ ಹೂಡಿಕೆ ರವಾನೆಗೆ ಬ್ಯಾಂಕ್ ಶೇ 20 ಟಿಸಿಎಸ್ (ಹಣ ಕಳಿಸುವಾಗಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ. ಲೆಕ್ಕಕ್ಕೆ ದಿರ್ಹಮ್‌ಗೆ 24 ರೂಪಾಯಿ ಎಂದಿಟ್ಟುಕೊಳ್ಳಿ. 9,59,680 ದಿರ್ಹಮ್ ಎಂದರೆ ಸುಮಾರು 2.30 ಕೋಟಿ. ಗಂಡ ಹೆಂಡತಿ ಅರ್ಧರ್ಧ ಕಳಿಸಿದರೆ ತಲಾ 1.15 ಕೋಟಿ. ಅದರಲ್ಲಿ 10 ಲಕ್ಷ ಕಳೆದು ಉಳಿದದ್ದಕ್ಕೆ ಶೇ 20, ತಲಾ ಸುಮಾರು 21 ಲಕ್ಷ. ಇಬ್ಬರದ್ದೂ ಸೇರಿ 42 ಲಕ್ಷ. ಫ್ಲ್ಯಾಟಿನ ಹಣದ ಮೇಲೆ ಇಷ್ಟು ರೊಕ್ಕ ಅದೇ ದಿನ ಖಾತೆಯಲ್ಲಿ ಇರಬೇಕು.

ಇದು ಖರ್ಚಲ್ಲ, ಮುಂಗಡ ತೆರಿಗೆ. ಆದರೆ ವಾಪಸ್ ಬರುವ ವೇಗ ನಿಮ್ಮಿಬ್ಬರಿಗೆ ಬೇರೆ ಬೇರೆ. ನೀವು ಸಂಬಳದಾರರು. ಟಿಸಿಎಸ್ ವಿವರವನ್ನು ಕಂಪನಿಗೆ ಕೊಟ್ಟರೆ ಉಳಿದ ತಿಂಗಳುಗಳ ಟಿಡಿಎಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳುತ್ತಾರೆ. ನಿಮ್ಮ ಪತ್ನಿಗೆ ಹೊಂದಿಸಿಕೊಳ್ಳಲು ತೆರಿಗೆಯೇ ಇಲ್ಲ. ಅವರು ರಿಟರ್ನ್ ಸಲ್ಲಿಸಿ ರೀಫಂಡ್‌ಗೆ ಕಾಯಬೇಕು. ಏಪ್ರಿಲ್‌ನಲ್ಲಿ ಕಳಿಸಿದರೆ ಒಂದು ವರ್ಷದ ಮೇಲಾಗುತ್ತದೆ, ಮಾರ್ಚ್‌ನಲ್ಲಿ ಕಳಿಸಿದರೆ ಕೆಲವೇ ತಿಂಗಳು. ಹಾಗಾಗಿ ಆಯ್ಕೆಯಿದ್ದರೆ ಅವರ ಪಾಲನ್ನು ಮಾರ್ಚ್‌ನಲ್ಲಿ ಕಳಿಸಿ. ಇನ್ನೊಂದು ಮಾತು: ಆ ಪಾಲಿನ ಹಣ ನೀವು ಕೊಟ್ಟ ಉಡುಗೊರೆಯಾದರೆ ಅದರಿಂದ ಬರುವ ಬಾಡಿಗೆ ಅವರ ಹೆಸರಿನಲ್ಲಿದ್ದರೂ ನಿಮ್ಮ ಆದಾಯಕ್ಕೇ ಸೇರುತ್ತದೆ. ಜಂಟಿ ಹೆಸರಿನಿಂದ ತೆರಿಗೆ ಉಳಿಯುತ್ತದೆ ಎಂದು ಎಣಿಸಬೇಡಿ. ಅದರಿಂದ ಸಿಗುವುದು ರವಾನೆಯ ಮಿತಿ ಮಾತ್ರ.

ಶೇ 6.5 ಕೈಗೆ ಬರುವಾಗ

ಬ್ರೋಷರ್‌ನ ಶೇ 6.5 ಎಂದರೆ ವರ್ಷಕ್ಕೆ 58,500 ದಿರ್ಹಮ್. ವರ್ಷಕ್ಕೆ ಒಂದು ತಿಂಗಳು ಖಾಲಿ ಎಂದು ಹಿಡಿದರೆ 53,625. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಮೇಂಟೆನೆನ್ಸನ್ನು ಹೆಚ್ಚಾಗಿ ಬಾಡಿಗೆದಾರರ ಮೇಲೆ ಹಾಕುತ್ತೇವೆ, ಅಲ್ಲಿ ಸೇವಾ ಶುಲ್ಕ ಮಾಲೀಕರದ್ದು. 750 ಚದರ ಅಡಿಗೆ ಅಡಿಗೆ 16 ದಿರ್ಹಮ್‌ನಂತೆ 12,000. ಈಜುಕೊಳ, ಜಿಮ್, ದೊಡ್ಡ ಲಾಬಿ ಇದ್ದಷ್ಟೂ ಈ ದರ ಏರುತ್ತದೆ. ಆಯಾ ಕಟ್ಟಡಕ್ಕೆ ಮಂಜೂರಾದ ದರವನ್ನು ಭೂ ಇಲಾಖೆಯ ಸೇವಾ ಶುಲ್ಕ ಸೂಚ್ಯಂಕದಲ್ಲಿ ನೋಡಬಹುದು, ಏಜೆಂಟರ ಬಾಯಿಮಾತಿಗೆ ಬಿಡಬೇಡಿ. ಮನೆ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿಗೆ ಶೇ 5 ಮತ್ತು ವ್ಯಾಟ್, ಸುಮಾರು 2,815. ಎಸಿ, ಗೀಸರ್, ಬಣ್ಣ ಎಂದು 2,000. ಉಳಿದದ್ದು 36,810.

ಈಗ ಭಾರತದ ತೆರಿಗೆ. ನೀವು ಇಲ್ಲಿನ ಸಾಮಾನ್ಯ ನಿವಾಸಿಯಾದ್ದರಿಂದ ಜಗತ್ತಿನ ಯಾವ ಮೂಲೆಯ ಆದಾಯವಾದರೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಯುಎಇ ಜೊತೆಗಿನ ತೆರಿಗೆ ಒಪ್ಪಂದ ಬಾಡಿಗೆಗೆ ವಿನಾಯಿತಿ ಕೊಡುವುದಿಲ್ಲ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳಲು ಮಾತ್ರ ಬಿಡುತ್ತದೆ. ಅಲ್ಲಿ ಕಟ್ಟಿದ್ದು ಸೊನ್ನೆ, ಕಳೆಯುವುದೂ ಸೊನ್ನೆ. ಬಾಡಿಗೆಯಲ್ಲಿ ಶೇ 30 ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಸೇವಾ ಶುಲ್ಕ, ಮ್ಯಾನೇಜ್‌ಮೆಂಟ್ ಖರ್ಚನ್ನು ಪ್ರತ್ಯೇಕವಾಗಿ ಕಳೆಯಬಹುದು ಎಂದು ಎಣಿಸಬೇಡಿ. 53,625ರ ಶೇ 70 ಎಂದರೆ 37,537. ಶೇ 30ರ ಹಂತದಲ್ಲಿದ್ದವರಿಗೆ ಸೆಸ್ ಸೇರಿ ಶೇ 31.2ರಂತೆ 11,712 ದಿರ್ಹಮ್ ತೆರಿಗೆ. ಕೊನೆಗೆ ಉಳಿಯುವುದು 25,098. ಹಾಕಿದ 9,59,680ರ ಮೇಲೆ ಇದು ಶೇ 2.6.

ಈ ಅಂಕಿಯನ್ನು ಎದುರಿಗಿಟ್ಟುಕೊಂಡು ತೀರ್ಮಾನಿಸಿ. ಬಾಡಿಗೆಗಾಗಿ ಈ ಫ್ಲ್ಯಾಟ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಉಳಿಯುವ ಕಾರಣ ಎರಡೇ: ಬೆಲೆ ಏರಬಹುದು, ರೂಪಾಯಿ ಇಳಿಯಬಹುದು. ದಿರ್ಹಮ್ ಡಾಲರ್‌ಗೆ ಕಟ್ಟಿಕೊಂಡಿರುವುದರಿಂದ ಎರಡನೆಯ ಕಾರಣಕ್ಕೆ ಬಲವಿದೆ. 2015ರ ಸುಮಾರಿಗೆ 17 ರೂಪಾಯಿ ಇದ್ದ ದಿರ್ಹಮ್ 2025ರಲ್ಲಿ 23 ದಾಟಿತ್ತು. ಆದರೆ ಬರೀ ಡಾಲರ್ ಲಾಭ ಬೇಕಿದ್ದರೆ ಅದಕ್ಕೆ ಕಟ್ಟಡ ಬೇಕಿಲ್ಲ. ಅದೇ ಎಲ್‌ಆರ್‌ಎಸ್‌ನಲ್ಲಿ ಸುಲಭವಾಗಿ ಮಾರಬಹುದಾದ ವಿದೇಶಿ ಫಂಡ್‌ಗಳಿವೆ. ಬೆಲೆ ಏರಿಕೆಯ ವಿಷಯಕ್ಕೆ ಬಂದರೆ, ದುಬೈ ಮಾರುಕಟ್ಟೆ 2008ರ ನಂತರ ಕುಸಿದದ್ದೂ, 2014ರಿಂದ 2020ರವರೆಗೆ ಜಾರುತ್ತಲೇ ಬಂದದ್ದೂ, ಆಮೇಲೆ ಜೋರಾಗಿ ಏರಿದ್ದೂ ದಾಖಲೆಯಲ್ಲಿದೆ. ಏರಿಕೆಯ ಕೊನೆಯಲ್ಲಿ ಕೊಂಡವರು ಆರೇಳು ವರ್ಷ ಕಾದ ಉದಾಹರಣೆ ಇರುವಾಗ, ಎಂಟು ಹತ್ತು ವರ್ಷ ಮುಟ್ಟಬೇಕಿಲ್ಲದ ಹಣವಿದ್ದವರು ಮಾತ್ರ ಇಳಿಯಬೇಕು ಎಂಬುದು ನನ್ನ ಅಭಿಪ್ರಾಯ.

ಮಾರಿದಾಗ, 24 ತಿಂಗಳು ದಾಟಿದ್ದರೆ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ, ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸಿಕೊಳ್ಳುವ ಸೌಲಭ್ಯ) ಇಲ್ಲ. ಲೆಕ್ಕ ರೂಪಾಯಿಯಲ್ಲೇ ಆಗುತ್ತದೆ. 9 ಲಕ್ಷ ದಿರ್ಹಮ್‌ಗೆ ಕೊಂಡು ಅಷ್ಟಕ್ಕೇ ಮಾರಿದರೂ, ಕೊಂಡಾಗ ದರ 20, ಮಾರಿದಾಗ 24 ಇದ್ದರೆ ಕಾಗದದಲ್ಲಿ 36 ಲಕ್ಷ ಲಾಭ. ಖರೀದಿ ಖರ್ಚು ಕಳೆದ ಮೇಲೆ ಉಳಿದದ್ದಕ್ಕೆ ತೆರಿಗೆ ಕಟ್ಟಬೇಕು.

ಸಿದ್ಧ ಫ್ಲ್ಯಾಟೋ, ಕಟ್ಟುತ್ತಿರುವುದೋ?

ನಿಮ್ಮಂಥವರಿಗೆ ಸಿದ್ಧ ಫ್ಲ್ಯಾಟೇ ಸರಿ. ಹಣ ಒಂದೆರಡು ಸಲದಲ್ಲಿ ಹೋಗಿ ಮುಗಿಯುತ್ತದೆ, ಬಾಡಿಗೆ ಎಷ್ಟೆಂದು ಆ ಕಟ್ಟಡದ ನೋಂದಾಯಿತ ಒಪ್ಪಂದಗಳಿಂದ ತಿಳಿಯುತ್ತದೆ, ಗೋಡೆ ನೆಲ ಕಣ್ಣಿಗೆ ಕಾಣುತ್ತದೆ.

ವಿದೇಶಿಯರು ಪೂರ್ಣ ಒಡೆತನ ಪಡೆಯಬಹುದಾದ ಪ್ರದೇಶಗಳನ್ನು 2006ರ ಕಾನೂನಿನಡಿ ಗುರುತಿಸಿದ್ದಾರೆ. ದುಬೈ ಮರೀನಾ, ಜುಮೇರಾ ವಿಲೇಜ್ ಸರ್ಕಲ್‌ನಂಥವು ಅದರಲ್ಲಿವೆ. ಜಾಹೀರಾತಿನಲ್ಲಿ ‘ಟ್ರಖೀಸಿ’ ಎಂಬ ಜಾಹೀರಾತು ಪರ್ಮಿಟ್‌ನ ಸಂಖ್ಯೆ ಅಥವಾ ಕ್ಯೂಆರ್ ಕೋಡ್ ಇರಬೇಕು. ಅದನ್ನು, ಬ್ರೋಕರ್ ಸಂಖ್ಯೆಯನ್ನು ಮತ್ತು ಮಾರುವವರ ಹಕ್ಕುಪತ್ರವನ್ನು ಭೂ ಇಲಾಖೆಯ ‘ದುಬೈ ರೆಸ್ಟ್’ ಆ್ಯಪ್‌ನಲ್ಲಿ ತಾಳೆ ನೋಡಿ. ನಮ್ಮಲ್ಲಿ ಇಸಿ, ಖಾತಾ, ತಾಯಿ ಪತ್ರ ಎಂದು ಮೂವತ್ತು ವರ್ಷ ಹಿಂದಕ್ಕೆ ಹೋಗಿ ಹುಡುಕುವ ಕೆಲಸ ಅಲ್ಲಿಲ್ಲ, ಭೂ ಇಲಾಖೆಯ ನೋಂದಣಿಯೇ ಅಂತಿಮ.

ಆಮೇಲಿನ ಕ್ರಮ ಹೀಗೆ. ಮಾರುವವರೂ ಕೊಳ್ಳುವವರೂ ಫಾರಂ ಎಫ್ ಎಂಬ ಮಾರಾಟ ಕರಾರಿಗೆ ಸಹಿ ಹಾಕುತ್ತಾರೆ, ಕೊಳ್ಳುವವರು ಶೇ 10 ಭದ್ರತಾ ಚೆಕ್ ಕೊಡುತ್ತಾರೆ. ಅದು ಬ್ರೋಕರ್ ಅಥವಾ ಟ್ರಸ್ಟಿಯ ಬಳಿ ಇರಬೇಕೇ ಹೊರತು ಮಾರುವವರ ಖಾತೆಗೆ ಹೋಗಬಾರದು. ಸೇವಾ ಶುಲ್ಕ ಬಾಕಿ ಇಲ್ಲವೆಂದು ಡೆವಲಪರ್ ಎನ್‌ಒಸಿ ಕೊಡುತ್ತಾರೆ. ಕೊನೆಗೆ ಟ್ರಸ್ಟಿ ಕಚೇರಿಯಲ್ಲಿ ಮ್ಯಾನೇಜರ್ಸ್ ಚೆಕ್ (ನಮ್ಮ ಡಿಡಿಯಂತೆ ಬ್ಯಾಂಕೇ ಬರೆದುಕೊಡುವ ಚೆಕ್) ಕೊಟ್ಟ ದಿನವೇ ಹಕ್ಕುಪತ್ರ. ಆ ಚೆಕ್ ಬರೆಸಲು ನಿಮಗೆ ಅಲ್ಲಿ ಬ್ಯಾಂಕ್ ಖಾತೆ ಬೇಕು. ಎಲ್‌ಆರ್‌ಎಸ್‌ನಲ್ಲಿ ಖಾತೆ ತೆರೆಯಲು ಅನುಮತಿಯಿದೆ. ಅನಿವಾಸಿ ಖಾತೆಗೆ ವಾರಗಟ್ಟಲೆ ಹಿಡಿಯುವುದರಿಂದ ಕರಾರಿಗೆ ಮುಂಚೆಯೇ ಶುರು ಮಾಡಿ. ಖರೀದಿ ಮುರಿದುಬಿದ್ದರೆ ಬಳಸದ ಹಣವನ್ನು 180 ದಿನದೊಳಗೆ ಭಾರತಕ್ಕೆ ತರಬೇಕು. ಅಲ್ಲಿ ಜಮೆಯಾಗುವ ಬಾಡಿಗೆಗೂ ಇದೇ ನಿಯಮ: ಮರುಹೂಡಿಕೆ ಮಾಡಿ ಅಥವಾ 180 ದಿನದೊಳಗೆ ತನ್ನಿ.

ಮಾರುವವರ ಮೇಲೆ ಗೃಹಸಾಲ ಇದ್ದರೆ ಎಚ್ಚರ. ಅವರ ಸಾಲ ತೀರಿಸಲು ನಿಮ್ಮ ಹಣವನ್ನೇ ಮುಂಚಿತವಾಗಿ ಕೇಳುತ್ತಾರೆ. ಟ್ರಸ್ಟಿ ಕಚೇರಿಯಲ್ಲಿ ಆಸ್ತಿಯನ್ನು ನಿಮ್ಮ ಪರವಾಗಿ ಬ್ಲಾಕ್ ಮಾಡಿಸದೆ ಒಂದು ದಿರ್ಹಮ್ ಕೂಡ ಕೊಡಬೇಡಿ.

ನೀವು ಹೋಗಲಾಗದೆ ಪವರ್ ಆಫ್ ಅಟಾರ್ನಿ ಕೊಡುವುದಾದರೆ, ಇಲ್ಲಿ ನೋಟರಿ, ರಾಜ್ಯದ ದೃಢೀಕರಣ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಅಲ್ಲಿ ಮತ್ತೆ ವಿದೇಶಾಂಗ ಇಲಾಖೆ, ಅರಬ್ಬಿ ಅನುವಾದ, ಇಷ್ಟು ಮೆಟ್ಟಿಲು. ‘ಈ ಘಟಕ, ಈ ಬೆಲೆ’ ಎಂದು ಮಿತಿ ಹಾಕಿಯೇ ಬರೆಸಿ.

ಕಟ್ಟುತ್ತಿರುವ ಯೋಜನೆಯನ್ನೇ ಆರಿಸಿದರೆ, ಹಣ ಡೆವಲಪರ್‌ನ ಸಾಮಾನ್ಯ ಖಾತೆಗಲ್ಲ, ಆ ಯೋಜನೆಗಷ್ಟೇ ಮೀಸಲಾದ ಎಸ್ಕ್ರೊ ಖಾತೆಗೇ ಹೋಗಬೇಕು. 2007ರ ಕಾನೂನು ಇದನ್ನು ಕಡ್ಡಾಯ ಮಾಡಿದೆ. ನಿಮ್ಮ ಹೆಸರಿನ ‘ಊಕೂದ್’ ಎಂಬ ತಾತ್ಕಾಲಿಕ ನೋಂದಣಿ ಪತ್ರ ಕೈಗೆ ಬಂತೇ ನೋಡಿ. ಅದಿಲ್ಲದಿದ್ದರೆ ಇಲಾಖೆಯ ಲೆಕ್ಕದಲ್ಲಿ ನೀವು ಕೊಂಡೇ ಇಲ್ಲ. ಕಂತು ನಿಲ್ಲಿಸಿದರೆ ನೋಟಿಸ್‌ನ 30 ದಿನ ಕಳೆದ ಮೇಲೆ ಡೆವಲಪರ್ ಒಪ್ಪಂದ ರದ್ದು ಮಾಡಬಹುದು. ಕಟ್ಟಡ ಶೇ 60 ದಾಟಿದ್ದರೆ ಘಟಕದ ಬೆಲೆಯ ಶೇ 40ರವರೆಗೆ, ಅದಕ್ಕಿಂತ ಕಡಿಮೆಯಾಗಿದ್ದರೆ ಶೇ 25ರವರೆಗೆ ಇಟ್ಟುಕೊಳ್ಳಬಹುದು. ಇದು ನೀವು ಕಟ್ಟಿದ ಹಣದ ಶೇಕಡಾ ಅಲ್ಲ, ಪೂರ್ತಿ ಬೆಲೆಯದು. ಶೇ 35 ಕಟ್ಟಿ ಕೈಬಿಟ್ಟವರಿಗೆ ಏನೂ ಉಳಿಯದೇ ಹೋಗಬಹುದು. ಎಲ್‌ಆರ್‌ಎಸ್ ಮಿತಿ ಮುಗಿದು ಕಂತು ತಪ್ಪಿತು ಎಂಬುದು ಅಲ್ಲಿ ಸಬೂಬಾಗುವುದಿಲ್ಲ.

ಬಾಡಿಗೆದಾರರು ಮತ್ತು ವೀಸಾ

ಬಾಡಿಗೆ ಒಪ್ಪಂದವನ್ನು ಸರ್ಕಾರದ ಬಾಡಿಗೆ ನೋಂದಣಿ ವ್ಯವಸ್ಥೆಯಾದ ‘ಇಜಾರಿ’ಯಲ್ಲಿ ನೋಂದಾಯಿಸಬೇಕು. ಬಾಡಿಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದರಿಂದ ನಾಲ್ಕು ಮುಂದಿನ ತಾರೀಕಿನ ಚೆಕ್‌ಗಳಲ್ಲಿ ಬರುತ್ತದೆ. ಆ ಚೆಕ್‌ಗಳು ಮ್ಯಾನೇಜರ್ ಹೆಸರಿಗಲ್ಲ, ನಿಮ್ಮ ಹೆಸರಿಗೆ ಇರಲಿ. ಏರಿಕೆ ನಿಮ್ಮ ಇಷ್ಟದಂತಲ್ಲ: ಈಗ ಬರುವ ಬಾಡಿಗೆ, ಭೂ ಇಲಾಖೆಯ ಬಾಡಿಗೆ ಸೂಚ್ಯಂಕಕ್ಕಿಂತ ಶೇ 10ರೊಳಗೆ ಕಡಿಮೆಯಿದ್ದರೆ ಏರಿಸುವಂತಿಲ್ಲ, ಎಷ್ಟೇ ಕಡಿಮೆಯಿದ್ದರೂ ಒಂದು ಸಲಕ್ಕೆ ಶೇ 20 ಮೀರುವಂತಿಲ್ಲ, 90 ದಿನ ಮೊದಲೇ ತಿಳಿಸಬೇಕು. ಮಾರಲೆಂದು ಮನೆ ಖಾಲಿ ಮಾಡಿಸಲು ನೋಟರಿ ಅಥವಾ ರಿಜಿಸ್ಟರ್ಡ್ ಅಂಚೆ ಮೂಲಕ 12 ತಿಂಗಳ ನೋಟಿಸ್ ಬೇಕು. ಬಾಡಿಗೆದಾರರಿರುವ ಫ್ಲ್ಯಾಟ್ ಕೊಂಡರೆ ಅವರ ಒಪ್ಪಂದ ಮುಂದುವರಿಯುತ್ತದೆ, ಆದ್ದರಿಂದ ಅದನ್ನು ಓದಿಯೇ ಬೆಲೆ ಮಾತಾಡಿ.

ದೀರ್ಘಾವಧಿ ವಾಸದ ಗೋಲ್ಡನ್ ವೀಸಾಕ್ಕೆ 20 ಲಕ್ಷ ದಿರ್ಹಮ್ ಆಸ್ತಿ ಬೇಕು, ನಿಮ್ಮ ಫ್ಲ್ಯಾಟಿಗೆ ಅನ್ವಯಿಸದು. ಆ ವೀಸಾ ಇದ್ದರೂ ವರ್ಷಕ್ಕೆ 182 ದಿನ ಬೆಂಗಳೂರಿನಲ್ಲಿದ್ದರೆ ನೀವು ಇಲ್ಲಿನ ತೆರಿಗೆ ನಿವಾಸಿಯೇ. ಅಲ್ಲೇ ದುಡಿಯುತ್ತಿರುವ ಮಂಗಳೂರು, ಉಡುಪಿಯ ನಮ್ಮವರ ಕಥೆ ಬೇರೆ. ಅನಿವಾಸಿಗಳಾಗಿದ್ದಾಗ ಅಲ್ಲಿನ ಸಂಬಳದಲ್ಲಿ ಕೊಂಡ ಮನೆಗೆ ಎಲ್‌ಆರ್‌ಎಸ್ ಇಲ್ಲ, ಟಿಸಿಎಸ್ ಇಲ್ಲ, ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಬಹುದು. ಅವರ ಲಾಭದ ಕಥೆಯನ್ನು ನಿಮ್ಮ ಲೆಕ್ಕಕ್ಕೆ ತಂದುಕೊಳ್ಳಬೇಡಿ.

ಪ್ರತಿ ವರ್ಷದ ಕಾಗದ, ಕೊನೆಯ ಕಾಗದ

ಕೊಂಡ ಮೇಲೆ ಐಟಿಆರ್-1 ಸಲ್ಲಿಸುವಂತಿಲ್ಲ. ಐಟಿಆರ್-2ರಲ್ಲಿ ವಿದೇಶಿ ಆಸ್ತಿಯ ಪಟ್ಟಿಯಾದ ಷೆಡ್ಯೂಲ್ ಎಫ್‌ಎ ತುಂಬಬೇಕು, ಬಾಡಿಗೆ ಬಂದರೂ ಬಾರದಿದ್ದರೂ, ದಂಪತಿ ಇಬ್ಬರೂ. ಫ್ಲ್ಯಾಟ್ ಒಂದು ಕಡೆ, ದುಬೈ ಬ್ಯಾಂಕ್ ಖಾತೆ ಇನ್ನೊಂದು ಕಡೆ. ಇಲ್ಲಿ ಕೇಳುವುದು ಜನವರಿಯಿಂದ ಡಿಸೆಂಬರ್‌ವರೆಗಿನ ವಿವರ, ಬಾಡಿಗೆ ಆದಾಯ ಮಾತ್ರ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕ. ಎರಡನ್ನೂ ಬೆರೆಸುವುದೇ ಸಾಮಾನ್ಯವಾಗಿ ಆಗುವ ತಪ್ಪು. ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ ವರ್ಷಕ್ಕೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸಣ್ಣ ವಿದೇಶಿ ಆಸ್ತಿಗಳಿಗೆ 2024ರಲ್ಲಿ ಕೊಟ್ಟ 20 ಲಕ್ಷದ ಸಡಿಲಿಕೆ ಸ್ಥಿರಾಸ್ತಿಗೆ ಇಲ್ಲ. ಅಲ್ಲಿನ ಬ್ಯಾಂಕ್ ಖಾತೆಗಳ ಮಾಹಿತಿ ಭಾರತಕ್ಕೆ ತಾನಾಗಿಯೇ ಬರುತ್ತದೆ.

ಇನ್ನು ಉಯಿಲು. ಮುಸ್ಲಿಮೇತರರಿಗೆ 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಯುಎಇ ಕಾನೂನಿನಂತೆ, ಉಯಿಲು ಇಲ್ಲದಿದ್ದರೆ ಅರ್ಧ ಸಂಗಾತಿಗೆ, ಅರ್ಧ ಮಕ್ಕಳಿಗೆ ಸಮನಾಗಿ. ತಂದೆ ತಾಯಿಗೂ ಪಾಲು ಇರಲಿ ಎಂದಿದ್ದರೆ ಉಯಿಲು ಬೇಕೇ ಬೇಕು. ಬೆಂಗಳೂರಿನ ಉಯಿಲನ್ನು ಅಲ್ಲಿ ಊರ್ಜಿತಗೊಳಿಸಲು ದೃಢೀಕರಣ, ಅನುವಾದ, ನ್ಯಾಯಾಲಯ ಎಂದು ತಿಂಗಳುಗಳು ಹೋಗುತ್ತವೆ. ಅದರ ಬದಲು ದುಬೈ ಆಸ್ತಿಗೆ ಮಾತ್ರ ಪ್ರತ್ಯೇಕ ಉಯಿಲು ಬರೆದು ಡಿಐಎಫ್‌ಸಿ (ದುಬೈ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರ) ಉಯಿಲು ಕೇಂದ್ರದಲ್ಲಿ ನೋಂದಾಯಿಸಿ. ಅದು ಇಲ್ಲಿನ ಉಯಿಲನ್ನು ರದ್ದು ಮಾಡುವುದಿಲ್ಲ ಎಂಬ ಒಂದು ಸಾಲನ್ನು ಎರಡರಲ್ಲೂ ಸೇರಿಸಲು ವಕೀಲರಿಗೆ ಹೇಳಿ.